280 ವೋಟಿನ ಅಂತರ, ನನ್ನ ಒಂದು ಸಹಿ

ಹಸಿರು ಲಕೋಟೆಯ ಮೇಲೆ ಸಹಿ ಮಾಡುವಾಗ ಕೈ ಸ್ವಲ್ಪ ನಡುಗುತ್ತಿತ್ತು. 2022ರ ನವೆಂಬರ್. ಅರಿಜೋನಾದ ಚಾಂಡ್ಲರ್‌ನಲ್ಲಿ ನಮ್ಮ ಮನೆಯ ಊಟದ ಮೇಜು. ಅಮೆರಿಕದ ಪೌರತ್ವ ಸಿಕ್ಕಿ ಕೆಲವೇ ತಿಂಗಳಾಗಿತ್ತು, ಇದು ಇಲ್ಲಿ ನನ್ನ ಮೊದಲ ವೋಟು. ಮನೆಗೇ ಬಂದ ಬ್ಯಾಲೆಟ್ ತುಂಬಿ, ಈ ಲಕೋಟೆಯಲ್ಲಿಟ್ಟು, ಮೇಲೆ ಸಹಿ ಮಾಡಿ ಕೊಡಬೇಕು. ಆ ಖುಷಿಗೆ ಸಹಿಯನ್ನು ಕನ್ನಡದಲ್ಲೇ ಮಾಡಿದೆ. ಹೈಸ್ಕೂಲಿನಲ್ಲಿದ್ದಾಗ ಬ್ಯಾಂಕ್ ಪಾಸ್‌ಬುಕ್‌ಗೆ ಅಂತ ಅಪ್ಪ ಕಲಿಸಿದ್ದ ಸಹಿ ಅದು. ಕೊನೆಯ ಅಕ್ಷರದ ದೀರ್ಘವನ್ನು ಎಳೆದು, ಇಡೀ ಹೆಸರಿನ ಕೆಳಗೆ ಒಂದು ಗೆರೆಯಾಗಿ ತರಬೇಕು.

ಬ್ಯಾಲೆಟ್ ಪೇಪರ್ ನಮ್ಮ ಮೇಜಿನ ಅರ್ಧದಷ್ಟು ಉದ್ದ ಇತ್ತು. ಎರಡೂ ಕಡೆ ಅಚ್ಚು. ಸೆನೆಟ್, ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ), ಜಡ್ಜ್‌ಗಳು, ಅದರ ಮೇಲೆ ಜನ ಹೌದು ಇಲ್ಲವೇ ಬೇಡ ಅನ್ನಬೇಕಾದ, ಇಡೀ ರಾಜ್ಯಕ್ಕೆ ಸೇರಿದ ಹತ್ತು ಪ್ರಸ್ತಾವಗಳು. ಒಂದೊಂದಕ್ಕೂ ಪೆನ್ನಿನಿಂದ ಮೊಟ್ಟೆಯಾಕಾರದ ಗುರುತು ತುಂಬಬೇಕು. ಗವರ್ನರ್‌ದು ತುಂಬಿದೆ. ಸ್ವಲ್ಪ ಕೆಳಗೆ 'ಅಟಾರ್ನಿ ಜನರಲ್' ಅಂತ ಇತ್ತು. ಅಲ್ಲಿ ಪೆನ್ನು ನಿಂತಿತು. ಗೊತ್ತಿಲ್ಲದ್ದಕ್ಕೆ ಸುಮ್ನೆ ಯಾಕೆ ಹಾಕಬೇಕು, ಖಾಲಿ ಬಿಡೋಣ ಅನ್ನಿಸಿತು.

ರಾತ್ರಿ ಎಂಟು. ತಿಪಟೂರಿನಲ್ಲಿ ಬೆಳಗಿನ ಎಂಟೂವರೆ, ಅಪ್ಪ ಪೇಪರ್ ಓದುವ ಹೊತ್ತು. ಅಪ್ಪ ಮೂವತ್ತು ವರ್ಷ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದವರು. ಫೋನ್ ಮಾಡಿದೆ.

"ವಕೀಲರಿಗೆ ಜನ ವೋಟ್ ಹಾಕ್ತಾರಾ?" ಅಂದರು.

"ಇಲ್ಲಿ 43 ರಾಜ್ಯದಲ್ಲಿ ಹಾಗೇ ಅಪ್ಪ. ಸರ್ಕಾರದ ದೊಡ್ಡ ವಕೀಲರನ್ನ ಜನಾನೇ ಆರಿಸೋದು."

"ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅವರನ್ನ ರಾಜ್ಯಪಾಲರು ನೇಮಿಸ್ತಾರೆ. ಸಂವಿಧಾನದ 165ನೇ ವಿಧಿ. ಸರ್ಕಾರ ಬದಲಾದ್ರೆ ಅವರೂ ಬದಲಾಗ್ತಾರೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಲ್ಲಿ ಗೆದ್ದೋರು ಯಾರ ಮಾತು ಕೇಳಬೇಕು ಪುಟ್ಟಿ? ಗವರ್ನರ್‌ದಾ, ವೋಟ್ ಹಾಕಿದೋರದಾ, ಕಾನೂನಿನದಾ?" ಅಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾತ್ರಿಯೆಲ್ಲ ಓದಿದೆ. ರಾಜ್ಯದ ಮೇಲೆ ಯಾರಾದರೂ ಕೇಸ್ ಹಾಕಿದರೆ ವಾದ ಮಾಡುವುದು ಈ ಕಚೇರಿ. ವಯಸ್ಸಾದವರಿಗೆ ಫೋನ್ ಮಾಡಿ ದುಡ್ಡು ಲಪಟಾಯಿಸುವವರ ಮೇಲೆ ದೂರು ಕೊಡುವುದೂ ಇಲ್ಲಿಗೇ. ಆ ವರ್ಷ ಇನ್ನೊಂದು ದೊಡ್ಡ ವಿಷಯ ಇತ್ತು. ಗರ್ಭಪಾತ ನಿಷೇಧಿಸುವ 1864ರ ಕಾನೂನೊಂದು, ಅರಿಜೋನಾ ರಾಜ್ಯವೇ ಆಗುವ ಮೊದಲಿನದು, ಮತ್ತೆ ಚರ್ಚೆಗೆ ಬಂದಿತ್ತು. ಅದರಡಿ ಡಾಕ್ಟರ್‌ಗಳ ಮೇಲೆ ಕೇಸ್ ಹಾಕಬೇಕಾ ಬೇಡವಾ ಅನ್ನುವುದರಲ್ಲಿ ಅಟಾರ್ನಿ ಜನರಲ್ ಮಾತಿಗೆ ತೂಕ ಇತ್ತು. ಇಬ್ಬರು ಹೆಣ್ಣುಮಕ್ಕಳ ತಾಯಿ ನಾನು. ಈ ಜಾಗವನ್ನೇ ಖಾಲಿ ಬಿಡಲು ಹೊರಟಿದ್ದೆನಲ್ಲ ಅಂತ ಎದೆ ಧಸಕ್ಕೆಂದಿತು.

ಕಣದಲ್ಲಿದ್ದವರು ಇಬ್ಬರು. ಡೆಮಾಕ್ರಟಿಕ್ ಪಕ್ಷದ ಕ್ರಿಸ್ ಮೇಯ್ಸ್, ಹಿಂದೆ ಪತ್ರಕರ್ತೆ, ಆಮೇಲೆ ರಾಜ್ಯದ ವಿದ್ಯುತ್ ದರ ನಿರ್ಧರಿಸುವ ಆಯೋಗದಲ್ಲಿದ್ದವರು. ಆಗ ಅವರು ರಿಪಬ್ಲಿಕನ್. ಈ ಚುನಾವಣೆಯ ರಿಪಬ್ಲಿಕನ್ ಅಭ್ಯರ್ಥಿ ಏಬ್ ಹಮಾದೆ, ಸಿರಿಯಾದಿಂದ ಬಂದ ದಂಪತಿಯ ಮಗ, ಸರ್ಕಾರಿ ವಕೀಲರಾಗಿದ್ದವರು. ಇಬ್ಬರ ಮಾತನ್ನೂ ಕೇಳಿದೆ. ಗುರುತು ತುಂಬಿದೆ. ಯಾರಿಗೆ ಅನ್ನುವುದು ನನ್ನಲ್ಲೇ ಇರಲಿ.

ನವೆಂಬರ್ 8, ಮಂಗಳವಾರ, ಚುನಾವಣೆಯ ದಿನವೇ ಹೋಗಿ ಲಕೋಟೆ ಪೆಟ್ಟಿಗೆಗೆ ಹಾಕಿ ಬಂದೆ.

ಶನಿವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಲಿಲ್ಲ. ಭಾನುವಾರ ರಾತ್ರಿ ಧ್ವನಿ ಸಂದೇಶ ಕೇಳಿದರೆ, ಚುನಾವಣಾ ಕಚೇರಿಯವರು. ಲಕೋಟೆಯ ಮೇಲಿನ ಸಹಿ, ಅವರ ಹತ್ತಿರ ಇರುವ ಸಹಿ, ಎರಡೂ ಹೊಂದುತ್ತಿಲ್ಲ. ಬುಧವಾರ ಸಂಜೆ ಐದರೊಳಗೆ ಸರಿಪಡಿಸದಿದ್ದರೆ ವೋಟು ಎಣಿಕೆಗೆ ಬರುವುದಿಲ್ಲ.

ತಪ್ಪು ನನ್ನದೇ. ವರ್ಷಗಳ ಹಿಂದೆ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಇಂಗ್ಲಿಷಿನಲ್ಲಿ ಗೀಚಿದ್ದೆ. ಮತದಾರರ ಪಟ್ಟಿಗೂ ಅದೇ ಸಹಿ ಹೋಗಿತ್ತು. ಅದರ ಪಕ್ಕ ಇಟ್ಟರೆ ಅಪ್ಪ ಕಲಿಸಿದ ಸಹಿ ಬೇರೆ ಯಾರದೋ ಅನ್ನಿಸುವುದು ಸಹಜ, ಅಲ್ವಾ?

ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೇ ಫೋನ್ ಹಚ್ಚಿದೆ. ತುಂಬಾ ಹೊತ್ತು ಸಂಗೀತ ಬಂತು. ಕೊನೆಗೆ ಒಬ್ಬ ಹೆಣ್ಣುಮಗಳು ಮಾತಾಡಿದರು. ಹುಟ್ಟಿದ ದಿನ, ವಿಳಾಸ ಕೇಳಿದರು. "ಹೆಸರಿನ ಕೆಳಗೆ ಉದ್ದಕ್ಕೆ ಗೆರೆ ಎಳೆದಿದೆಯಲ್ಲ, ಈ ಸಹಿ ನಿಮ್ಮದೇನಾ?" ಅಂದರು. "ನನ್ನದೇ, ಅದು ಕನ್ನಡ, ನನ್ನ ತಾಯ್ನುಡಿ" ಅಂದೆ. "ಚೆನ್ನಾಗಿದೆ" ಅಂದರು. ನಾಲ್ಕು ನಿಮಿಷದಲ್ಲಿ ಮುಗಿಯಿತು. ಫೋನ್ ಇಟ್ಟ ಮೇಲೆ ಕಣ್ಣು ತುಂಬಿ ಬಂತು.

ಗವರ್ನರ್ ಯಾರೆಂದು ಆ ಸಂಜೆಯೇ ಗೊತ್ತಾಯಿತು. ಅಟಾರ್ನಿ ಜನರಲ್ ಮಾತ್ರ ಗೊತ್ತಾಗಲಿಲ್ಲ. ಪೂರ್ತಿ ಎಣಿಸಿದಾಗ, 25 ಲಕ್ಷಕ್ಕೂ ಹೆಚ್ಚು ವೋಟಿನಲ್ಲಿ ಮೇಯ್ಸ್ ಅವರಿಗೆ 511 ಜಾಸ್ತಿ. ಅಂತರ ಶೇಕಡಾ ಅರ್ಧಕ್ಕಿಂತ ಕಡಿಮೆ ಇದ್ದರೆ ಯಾರೂ ಕೇಳದೆಯೇ ಮರುಎಣಿಕೆ ಆಗಬೇಕು ಅನ್ನುವ ನಿಯಮ ಅದೇ ವರ್ಷ ಬಂದಿತ್ತು. ಡಿಸೆಂಬರ್ ಪೂರ್ತಿ ಕಾದೆವು. 29ರಂದು ನ್ಯಾಯಾಧೀಶರು ಕೋರ್ಟಿನಲ್ಲಿ ಫಲಿತಾಂಶ ಓದಿದರು. ಪಕ್ಕದ ಪಿನಾಲ್ ಕೌಂಟಿಯಲ್ಲಿ ಮೊದಲು ಎಣಿಕೆಗೆ ಬರದ ಕೆಲವು ನೂರು ವೋಟು ಸಿಕ್ಕಿದ್ದವು. ಅಂತರ 280ಕ್ಕೆ ಇಳಿದಿತ್ತು. ಗೆದ್ದವರು ಮೇಯ್ಸ್.

ಅಪ್ಪನಿಗೆ ಹೇಳಿದೆ. "280 ಅಂದ್ರೆ ನಮ್ಮ ಬೂತಿನ ಮೂರು ಬೀದಿ ಜನ" ಅಂದರು. ಸೋತವರ ಕಡೆಯವರಿಗೂ ಈ ಲೆಕ್ಕ ಎಷ್ಟು ಚುಚ್ಚಿರಬೇಕು ಅಂತ ನನಗೆ ಅನ್ನಿಸುತ್ತಲೇ ಇತ್ತು. ಖಾಲಿ ಬಿಟ್ಟವರು, ಫೋನ್ ಎತ್ತದವರು ಎರಡೂ ಕಡೆ ಇದ್ದಿರುತ್ತಾರೆ.

ಅಪ್ಪನ ಪ್ರಶ್ನೆಗೆ ನನ್ನ ಉತ್ತರ ಈಗ ಇದೆ. ಗವರ್ನರ್‌ಗೆ ಇಷ್ಟ ಆಗಲಿಲ್ಲ ಅಂತ ಇವರನ್ನು ತೆಗೆಯಲು ಆಗುವುದಿಲ್ಲ, ಅದು ನನಗೆ ಹಿಡಿಸಿದೆ. ಅಪ್ಪ ಒಪ್ಪುವುದಿಲ್ಲ. ವೋಟು ಕೇಳುವವರು ಕಾನೂನನ್ನು ಬಗ್ಗಿಸದೆ ಇರುತ್ತಾರಾ ಅನ್ನುತ್ತಾರೆ. ಅವರ ಭಯವೂ ಸುಳ್ಳಲ್ಲ. 2023ರ ಮೇನಲ್ಲಿ ಕರ್ನಾಟಕದಲ್ಲಿ ಸರ್ಕಾರ ಬದಲಾಗಿ ಅಡ್ವೊಕೇಟ್ ಜನರಲ್ ಕೂಡ ಬದಲಾದಾಗ ಇದೇ ಮಾತು ಮತ್ತೆ ಒಂದು ಗಂಟೆ ನಡೆಯಿತು.

ಜನವರಿಯಲ್ಲಿ ನೋಂದಣಿ ಫಾರಂ ಹೊಸದಾಗಿ ತುಂಬಿದೆ. ಸಹಿಯ ಚೌಕ ಚಿಕ್ಕದಿತ್ತು. ದೀರ್ಘದ ಗೆರೆ ಚೌಕದ ಆಚೆಗೆ ಹೋಗದಂತೆ, ಮೊದಲು ಬೇರೆ ಹಾಳೆಯ ಮೇಲೆ ಹತ್ತು ಸಲ ಬರೆದು ನೋಡಿದೆ.