ನಾಟಾ ಡಿಪೋದ ಗಣಿತ

ನಾನು ದಾಂಡೇಲಿಯಲ್ಲಿ ಹೈಸ್ಕೂಲು ಸೇರಿದಾಗ ಅದಿನ್ನೂ ಕಾಗದದ ಊರಾಗಿರಲಿಲ್ಲ. ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1959ರಲ್ಲಿ. ಅದಕ್ಕೆ ಮುಂಚಿನ ಊರೆಂದರೆ ಕಾಳಿ ನದಿಯ ದಂಡೆ, ಅರಣ್ಯ ಇಲಾಖೆಯ ನಾಟಾ ಡಿಪೋ, ಸಾ ಮಿಲ್ಲುಗಳು ಮತ್ತು ಅಳ್ನಾವರದಿಂದ ಬಂದು ಇಲ್ಲಿಗೇ ಮುಗಿಯುತ್ತಿದ್ದ ರೈಲುಹಳಿ. 1946ರ ಸುಮಾರಿಗೆ ಉತ್ತರ ಕನ್ನಡದಲ್ಲಿ ಡಿಡಿಟಿ ಸಿಂಪಡಿಸತೊಡಗುವವರೆಗೆ ಮಲೇರಿಯಾಕ್ಕೆ ಹೆದರಿ ಈ ಕಾಡಿನತ್ತ ಬರಲು ಜನ ಹಿಂಜರಿಯುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ತರಗತಿಯಲ್ಲಂತೂ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಮಲಯಾಳಂ ಮನೆಮಾತಿನವರೆಲ್ಲ ಇದ್ದರು.

ಸಾಗವಾನಿ, ಮತ್ತಿ, ಹೊನ್ನೆ, ನಂದಿಗಳನ್ನು ತೊಗಟೆ ನೋಡಿಯೇ ಗುರುತಿಸುತ್ತಿದ್ದ ನಮಗೆ ಕ್ಷೇತ್ರಗಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಇದನ್ನು ಕಂಡ ಗಣಿತದ ಮಾಸ್ತರರು ಒಂದು ದಿನ ತರಗತಿಯನ್ನೇ ಡಿಪೋಕ್ಕೆ ಕರೆದೊಯ್ದು, ಇಲಾಖೆಯ ಸುತ್ತಿಗೆ ಮುದ್ರೆ ಬಿದ್ದಿದ್ದ ಒಂದು ದಿಮ್ಮಿಗೆ ಟೇಪು ಸುತ್ತಿಸಿದರು. ಸುತ್ತಳತೆ ಆರು ಅಡಿ, ಉದ್ದ ಹದಿನಾರು. ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವುದು ನಾಟಾ ವ್ಯಾಪಾರದ ಲೆಕ್ಕ. ಅದರಂತೆ 36 ಘನ ಅಡಿ. ಪುಸ್ತಕದ ಸಿಲಿಂಡರಿನ ಸೂತ್ರ ಹಾಕಿದರೆ ಸುಮಾರು 46. ಉಳಿದ ಹತ್ತು ಘನ ಅಡಿ ಎಲ್ಲಿ ಹೋಯಿತೆಂದು ಅವರು ಕೇಳಿದಾಗ, ಲೆಕ್ಕದಲ್ಲಿ ಜಾಣರೆನಿಸಿಕೊಂಡವರು ಇಲಾಖೆಗೆ ಮೋಸವಾಗುತ್ತಿದೆ ಎಂದರು.

ಉತ್ತರ ಕೊಟ್ಟವನು ಹಿಂದಿನ ಬೆಂಚಿನ ಹುಡುಗ. ಅವನ ತಂದೆ, ಮಿಲ್ಲಿಗೆ ಬರುವ ಮೊದಲು, ಹೊಂಡದ ಮೇಲೆ ದಿಮ್ಮಿಯಿಟ್ಟು ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ನಿಂತು ಎಳೆಯುವ ಗರಗಸದಲ್ಲಿ ಮರ ಕೊಯ್ದವರು. ಕೆಳಗೆ ನಿಂತವನ ಕಣ್ಣುಮೂಗಿಗೆಲ್ಲ ಹೊಟ್ಟು. ದುಂಡು ಮರವನ್ನು ಚೌಕ ಮಾಡುವಾಗ ನಾಲ್ಕು ಬದಿಯಿಂದ ತೊಗಟೆ ಸಹಿತ ಅಂಚಿನ ಹಲಗೆ ಬೀಳುತ್ತದೆ, ಗರಗಸ ಹಾದಲ್ಲೆಲ್ಲ ಹೊಟ್ಟಾಗುತ್ತದೆ, ಕೊಳ್ಳುವವನು ಅದಕ್ಕೇಕೆ ದುಡ್ಡು ಕೊಡಬೇಕು ಎಂದು ಅವನು ಕೇಳಿದ. ಮಾಸ್ತರರು ಅವನಿಂದಲೇ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ವೃತ್ತದೊಳಗೆ ಚೌಕ ಬರೆಯಿಸಿದರು. ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ಚೌಕ ಈ ಲೆಕ್ಕದ, ಅಂದರೆ ಸುತ್ತಳತೆಯ ಕಾಲುಭಾಗವೇ ಬದಿಯಾದ, ಚೌಕಕ್ಕಿಂತ ತುಸು ಕಿರಿದು, ಆದ್ದರಿಂದ ಮೋಸವಾಗುವುದಾದರೆ ಅದು ಕೊಳ್ಳುವವನಿಗೇ ಎಂಬುದನ್ನೂ ತೋರಿಸಿದರು. ವ್ಯಾಪಾರದ ಸೂತ್ರವೊಂದನ್ನು ಹೀಗೆ ಬಿಚ್ಚಿ ನೋಡುವ ಪಾಠ ಮುಂದೆ ನನಗೆ ಕಾಲೇಜಿನಲ್ಲೂ ಸಿಗಲಿಲ್ಲ.

ಆ ಅಂಚಿನ ಹಲಗೆಗಳನ್ನು ಕೂಲಿಯವರು ಅಗ್ಗಕ್ಕೆ ಕೊಂಡು ಗೋಡೆಗೆ, ಬೇಲಿಗೆ, ಒಲೆಗೆ ಬಳಸುತ್ತಿದ್ದರು. ಅಂಥ ಗೋಡೆಯ ಮನೆಯಿಂದಲೇ ಆ ಹುಡುಗ ಶಾಲೆಗೆ ಬರುತ್ತಿದ್ದ.