ಲಾಗ್ ನೋಡಿದರೂ ಸಾಕಿತ್ತು

ನನ್ನ ಕೆಲಸ ಸರ್ವರ್ ನೋಡಿಕೊಳ್ಳುವುದು. ಸರ್ವರ್‌ನಲ್ಲಿ ನಡೆದದ್ದು ದಾಖಲಾಗುವ ಲಾಗ್ ಫೈಲ್‌ಗೆ ಟೇಲ್ (ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಕಮಾಂಡ್) ಹಾಕಿಯೇ ದಿನ ಶುರು. ಸುಮ್ನೆ ಓದುವುದರಿಂದ ಏನಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. 2019ರ ಅಕ್ಟೋಬರ್‌ನಲ್ಲಿ ಐಟರ್ಮ್2 ಎಂಬ ಟರ್ಮಿನಲ್‌ನ (ಕಮಾಂಡ್ ಟೈಪ್ ಮಾಡುವ ವಿಂಡೋದ) ದೋಷದ ಸುದ್ದಿ ಬಂದಾಗ ಆ ನಂಬಿಕೆಗೇ ಪೆಟ್ಟು ಬಿತ್ತು.

ಮ್ಯಾಕ್ ಬಳಸುವ ಡೆವಲಪರ್‌ಗಳಿಗೆ ಈ ಟರ್ಮಿನಲ್ ಚೆನ್ನಾಗಿ ಗೊತ್ತು. ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಟೀಮಕ್ಸ್ ಎಂಬ ಪ್ರೋಗ್ರಾಂ ಜೊತೆ ಮಾತಾಡಲು ಅದರಲ್ಲೊಂದು ಸೌಲಭ್ಯ ಇದೆ. ದೋಷ ಅಲ್ಲೇ ಇತ್ತು, ಅದೂ ಕನಿಷ್ಠ 7 ವರ್ಷದಿಂದ. ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2019-9535. ನಿಮ್ಮ ಟರ್ಮಿನಲ್‌ನಲ್ಲಿ ತನ್ನ ಪಠ್ಯ ಮೂಡುವಂತೆ ಮಾಡಬಲ್ಲ ಯಾರೇ ಆಗಲಿ, ಎಷ್ಟೋ ಸಂದರ್ಭಗಳಲ್ಲಿ ನಿಮ್ಮ ಮ್ಯಾಕ್‌ನಲ್ಲಿ ಕಮಾಂಡ್ ಓಡಿಸಬಹುದಿತ್ತು. ಕೆಟ್ಟವರ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದರೂ (ದೂರದಿಂದ ಲಾಗಿನ್ ಆದರೂ) ಆಯಿತು, ಕರ್ಲ್ ಎಂಬ ಕಮಾಂಡ್‌ನಲ್ಲಿ ಒಂದು ವೆಬ್ ಪುಟ ತರಿಸಿದರೂ ಆಯಿತು, ಅಪಾಚೆ ವೆಬ್ ಸರ್ವರ್‌ನ ರೆಫರರ್ (ಯಾವ ಪುಟದಿಂದ ಬಂದರು ಎನ್ನುವ ವಿವರ) ಲಾಗ್‌ಗೆ ಟೇಲ್ ಹಾಕಿದರೂ ಆಯಿತು ಎಂದು ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ ಉದಾಹರಣೆ ಕೊಟ್ಟಿತ್ತು. ಮೂರನೆಯದು ಓದಿ ನನಗೆ ನಿಜಕ್ಕೂ ಭಯವಾಯಿತು. ರೆಫರರ್‌ನಲ್ಲಿ ಏನು ಬರೆದು ಕಳಿಸಬೇಕು ಅನ್ನೋದು ಸೈಟಿಗೆ ಬರುವವರ ಕೈಯಲ್ಲಿದೆ, ನಮ್ಮ ಕೈಯಲ್ಲಲ್ಲ.

ಟರ್ಮಿನಲ್‌ಗೆ ಬರುವುದೆಲ್ಲ ನಾವು ಓದುವ ಅಕ್ಷರವಲ್ಲ. ಎಸ್ಕೇಪ್ ಎಂಬ ಕಾಣದ ಅಕ್ಷರದಿಂದ ಶುರುವಾಗುವ ಕೋಡ್‌ಗಳು ಟರ್ಮಿನಲ್‌ಗೇ ಹೇಳುವ ಕೆಲಸ: ಬಣ್ಣ ಬದಲಿಸು, ಕರ್ಸರ್ ಸರಿಸು, ವಿಂಡೋಗೆ ಹೆಸರು ಹಾಕು. ಕೆಲವಕ್ಕೆ ಟರ್ಮಿನಲ್ ಉತ್ತರ ಕೊಡುತ್ತದೆ. ಆ ಉತ್ತರ ಹೋಗುವುದು ಕೀಬೋರ್ಡ್‌ನ ದಾರಿಯಲ್ಲೇ. ನೀವು ಟೈಪ್ ಮಾಡಿದ್ದೋ, ಟರ್ಮಿನಲ್ ಕಳಿಸಿದ್ದೋ, ಕಮಾಂಡ್ ಓಡಿಸುವ ಶೆಲ್‌ಗೆ ಗೊತ್ತಾಗುವುದಿಲ್ಲ. ದಾಳಿ ಮಾಡುವವರು ಆಚೆ ಕಡೆ ಟೀಮಕ್ಸ್ ಇದೆ ಎಂದು ಐಟರ್ಮ್2 ನಂಬುವಂತೆ ಮಾಡಿ, ಉತ್ತರದೊಳಗೆ ತಮ್ಮ ಕಮಾಂಡ್ ಸೇರಿಸಿದರೆ ಮುಗೀತು.

ಇದು ಹೊಸ ಜಾತಿಯ ದೋಷವೂ ಅಲ್ಲ. ವಿಂಡೋ ಹೆಸರಿನ ಜಾಗದಲ್ಲಿ ಕಮಾಂಡ್ ಇಟ್ಟು, ಆಮೇಲೆ 'ಹೆಸರೇನು' ಎಂದು ಟರ್ಮಿನಲ್ಲನ್ನೇ ಕೇಳುವ ಉಪಾಯವನ್ನು ಭದ್ರತಾ ಸಂಶೋಧಕ ಎಚ್.ಡಿ. ಮೂರ್ 2003ರಲ್ಲೇ ಬರೆದಿಟ್ಟಿದ್ದರು. ಆಗ ಬಳಸುವವರು ಎಂಟರ್ ಒತ್ತಬೇಕಿತ್ತು, ಅಷ್ಟೇ. 2024ರಲ್ಲಿ ಐಟರ್ಮ್2ನಲ್ಲಿ ಅದೇ ಹೆಸರು ಕೇಳುವ ಕೋಡ್, ಅದೇ ಟೀಮಕ್ಸ್ ಸೌಲಭ್ಯ ಸೇರಿ ಮತ್ತೊಂದು ದೋಷವಾಯಿತು. ಅದು 3.5.2 ವರ್ಷನ್‌ನಲ್ಲಿ ಸರಿಹೋಯಿತು.

2019ರದ್ದನ್ನು ಹುಡುಕಿದ್ದು ರ‍್ಯಾಡಿಕಲಿ ಓಪನ್ ಸೆಕ್ಯುರಿಟಿ ತಂಡ. ಆ ಆಡಿಟ್‌ಗೆ (ಭದ್ರತಾ ಪರಿಶೀಲನೆಗೆ) ದುಡ್ಡು ಕೊಟ್ಟಿದ್ದು ಮೊಜಿಲ್ಲಾ. ಐಟರ್ಮ್2 ಬರೆದ ಜಾರ್ಜ್ ನ್ಯಾಕ್‌ಮನ್ 3.3.6ರಲ್ಲಿ ಸರಿಪಡಿಸಿದರು. ಯಾರೂ ದುಡ್ಡು ಹಾಕದಿದ್ದರೆ ಇನ್ನೆಷ್ಟು ವರ್ಷ ಹಾಗೇ ಇರುತ್ತಿತ್ತೋ! ಇಂಥ ಉಚಿತ ಸಾಫ್ಟ್‌ವೇರ್ ಮೇಲೆ ದಿನವಿಡೀ ಕೆಲಸ ನಡೆಸುವ ಕಂಪನಿಗಳು ಆಡಿಟ್ ಖರ್ಚಿಗೆ ಕೈ ಜೋಡಿಸಲೇಬೇಕು ಅಲ್ವಾ?

ಈಗ ನಾನು ಹೊರಗಿನವರ ಪಠ್ಯ ಇರುವ ಫೈಲನ್ನು, ಇದ್ದದ್ದನ್ನು ಇದ್ದಂತೆ ಸ್ಕ್ರೀನ್‌ಗೆ ಕಳಿಸುವ ಕ್ಯಾಟ್ ಕಮಾಂಡ್‌ನಲ್ಲಿ ಬರೀ ಹಾಗೇ ತೆಗೆಯುವುದಿಲ್ಲ. ಪುಟ ಪುಟವಾಗಿ ತೋರಿಸುವ ಲೆಸ್ ಬಳಸುತ್ತೇನೆ, ಅದೂ ಮೈನಸ್ ಸಣ್ಣ ಆರ್ (-r, ಎಸ್ಕೇಪ್ ಕೋಡ್‌ಗಳನ್ನು ಹಾಗೇ ಬಿಡುವ ಆಯ್ಕೆ) ಕೊಡದೆ. ಟೇಲ್ ಬೇಕೇ ಬೇಕಾದರೆ ಅದನ್ನು ಕ್ಯಾಟ್ ಮೈನಸ್ ವಿಗೆ (cat -v) ಪೈಪ್ ಮಾಡುತ್ತೇನೆ, ಅಂದರೆ ಅದರ ಮೂಲಕ ಹಾಯಿಸುತ್ತೇನೆ. ಆಗ ಎಸ್ಕೇಪ್ ಅಕ್ಷರ ಕೆಲಸ ಮಾಡುವ ಬದಲು ಸ್ಕ್ರೀನ್ ಮೇಲೆ ^[ ಎಂದು ಕಾಣುತ್ತದೆ. ಟೀಮಿಗೆ ಹೊಸಬರು ಬಂದರೆ ಅವರ ಟರ್ಮಿನಲ್ ವರ್ಷನ್ ಮೊದಲೇ ನೋಡಿಬಿಡುತ್ತೇನೆ.