ಶರಾವತಿ ಪಂಪ್ಡ್ ಸ್ಟೋರೇಜ್ ಬಳ್ಳಾರಿಯ ಕಲ್ಲಿದ್ದಲು ಸ್ಥಾವರಕ್ಕಿಂತ ಕೊಳಕಂತೆ! ಎರಡೆರಡು ಸಲ ಎಣಿಕೆಯ ಗಂಟು ಬಿಚ್ಚಿತು

ವಿದ್ಯುತ್ ಜಾಲದ ಮಾದರಿ ಕಟ್ಟುವ ತಂತ್ರಾಂಶ ಪೈಪ್ಸಾದಲ್ಲಿ (PyPSA) ಕರ್ನಾಟಕದ ಗ್ರಿಡ್ ಓಡಿತು, ಫಲಿತಾಂಶ ಹುಟ್ಟಿನಿಂದ ಕೊನೆಯವರೆಗಿನ ಪರಿಸರದ ಹೊರೆ ಎಣಿಸುವ ಬ್ರೈಟ್‌ವೇಗೆ (Brightway) ಹೋಯಿತು. ಪಾವಗಡದ ಸೌರ, ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣು ಯಾವುದೂ ತಕರಾರು ಮಾಡಲಿಲ್ಲ. ಹಟ ಹಿಡಿದದ್ದು ಉದ್ದೇಶಿತ 2000 ಮೆಗಾವ್ಯಾಟ್ ಶರಾವತಿ ಪಂಪ್ಡ್ ಸ್ಟೋರೇಜ್ ಒಂದೇ (ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗಿಳಿಸಿ ವಿದ್ಯುತ್ ಪಡೆಯುವ ಯೋಜನೆ). ಅದು ಕೊಡುವ ಪ್ರತಿ ಯೂನಿಟ್‌ಗೆ ಹತ್ತಿರಹತ್ತಿರ 1.3 ಕೆಜಿ ಇಂಗಾಲದ ಹೊರೆ! ಕಲ್ಲಿದ್ದಲೇ ನಾಚಬೇಕು.

ಮೂಲ ಸಿಕ್ಕಿದ್ದು ಬ್ರೈಟ್‌ವೇ ಬಳಸುವ ಸಿದ್ಧ ದತ್ತಾಂಶ ಇಕೋಇನ್‌ವೆಂಟ್‌ನ (ecoinvent) ಪಂಪ್ಡ್ ಸ್ಟೋರೇಜ್ ‘ಚಟುವಟಿಕೆ’ಯ ಒಳಗೆ, ಅಂದರೆ ಒಂದು ಯೂನಿಟ್‌ಗೆ ಏನೇನು ಬೇಕೆಂಬ ಪಟ್ಟಿಯ ಒಳಗೆ. 1 ಯೂನಿಟ್ ಹೊರಬರಲು ಗ್ರಿಡ್‌ನಿಂದ ಸುಮಾರು 1.4 ಯೂನಿಟ್ ಎಳೆಯುವ ಸಾಲೊಂದು ಅಲ್ಲಿ ಕೂತಿದೆ. ಗ್ರಿಡ್ ಯೂನಿಟ್‌ಗೆ 0.9 ಕೆಜಿ ಹಿಡಿದರೆ ಅಷ್ಟರಲ್ಲೇ 1.26 ಆಯಿತು. ನಮ್ಮ ಮಾದರಿಯಲ್ಲಾದರೋ ನೀರೆತ್ತುವ ವಿದ್ಯುತ್ತನ್ನು ಮಧ್ಯಾಹ್ನ ಪಾವಗಡವೇ ಕೊಟ್ಟಿದೆ, ಅದರ ಹೊರೆ ಪಾವಗಡದ ಖಾತೆಗೆ ಆಗಲೇ ಬಿದ್ದಿದೆ. ಅದೇ ಯೂನಿಟ್ ಮತ್ತೆ ಎಣಿಕೆಗೆ ಬಂತು, ಅದೂ ಕಲ್ಲಿದ್ದಲಿನ ವೇಷದಲ್ಲಿ.

ಪರಿಹಾರ: ಚಟುವಟಿಕೆಯನ್ನು ಸ್ವಂತ ಡೇಟಾಬೇಸಿಗೆ ಕಾಪಿ ಮಾಡಿ, ಆ ವಿದ್ಯುತ್ ಸಾಲನ್ನು ಮಾತ್ರ ಅಳಿಸಿ. ಮೂಲ ಚಟುವಟಿಕೆಯನ್ನು ಮುಟ್ಟಬೇಡಿ, ಬೇರೆ ಕಡೆಯಿಂದ ಅದಕ್ಕೆ ಕೊಂಡಿಗಳಿವೆ. ಸೋರಿಹೋಗುವ ಶಕ್ತಿಯ ಲೆಕ್ಕವನ್ನು ಪೈಪ್ಸಾದ ದಕ್ಷತೆಗೇ ಬಿಡಿ. ಪಾವಗಡದ ಯೂನಿಟ್‌ಗೆ 45 ಗ್ರಾಂ, ಹೋಗಿಬರುವ ದಕ್ಷತೆ (ಎಳೆದ ವಿದ್ಯುತ್ತಿನಲ್ಲಿ ಮರಳಿ ಸಿಗುವ ಪಾಲು) 75% ಎಂದಿಟ್ಟುಕೊಂಡರೆ ಹೊರಬರುವ ಯೂನಿಟ್ 60 ಗ್ರಾಂ, ಜೊತೆಗೆ ಕಾಮಗಾರಿಯ ಪಾಲು.

ಆ ಕಾಮಗಾರಿಯದೇ ಮುಂದಿನ ರಗಳೆ. ಸಿದ್ಧ ದತ್ತಾಂಶ ಹೊಸ ಅಣೆಕಟ್ಟಿನ ಕಾಂಕ್ರೀಟನ್ನೂ ಹೇರುತ್ತದೆ. ಇಲ್ಲಿ ಮೇಲಿನ ಜಲಾಶಯ ತಲಕಳಲೆ, ಕೆಳಗಿನದು ಗೇರುಸೊಪ್ಪ. ಎರಡೂ ಮೊದಲೇ ಇವೆ. ಸೇರಬೇಕಾದ್ದು ಸುರಂಗ, ನೆಲದೊಳಗಿನ ಪವರ್‌ಹೌಸ್, 250 ಮೆಗಾವ್ಯಾಟಿನ 8 ಯಂತ್ರ, ಲೈನು. ಕಾಡಿನಿಂದ ಬದಲಾದ ನೆಲವನ್ನು ಚದರ ಮೀಟರಿನಲ್ಲಿ ಕೈಯಾರೆ ತುಂಬಿ. ಹಾಗೆ ತುಂಬಿದರೂ ಸಿಂಗಳೀಕದ ಓಡಾಟ ತುಂಡಾಗುವುದು ಯಾವ ಕಾಲಮ್ಮಿನಲ್ಲೂ ಕಾಣುವುದಿಲ್ಲ. ಇಂಗಾಲದ ಅಂಕಿಯೊಂದನ್ನೇ ಹಿಡಿದು ಯೋಜನೆ ಹಸಿರು ಅನ್ನುವವರು ಇದನ್ನೂ ನೋಡಲಿ.

ಆಯುಷ್ಯವೂ ಹೊಂದುವುದಿಲ್ಲ. ಇಕೋಇನ್‌ವೆಂಟ್ ಜಲಾಶಯದ ಕಾಂಕ್ರೀಟಿಗೆ 150 ವರ್ಷ ಕೊಡುತ್ತದೆ, ಪೈಪ್ಸಾದ ವೆಚ್ಚದ ಪಟ್ಟಿ 80. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳದಿದ್ದರೆ ವಾರ್ಷಿಕ ಪಾಲು ಸುಮಾರು ಎರಡು ಪಟ್ಟು ಆಚೀಚೆ. ನಮ್ಮ ಮತ 80ಕ್ಕೆ.

ಸೌರ, ಪವನಕ್ಕೂ ಒಂದು ಮಾತು: ಕಟ್ಟಿದ ಮೆಗಾವ್ಯಾಟಿನ ಮೇಲೆ ಹೊರೆ ಹಾಕಿ. ಯೂನಿಟ್ ಮೇಲೆ ಹಾಕಿದರೆ, ಬೇಡಿಕೆಯಿಲ್ಲದೆ ಕಡಿತಗೊಂಡ ಗಂಟೆಗಳ ಪ್ಯಾನೆಲ್ ಲೆಕ್ಕದಿಂದಲೇ ಮಾಯ. ಕಲ್ಲಿದ್ದಲಿಗೆ ಎರಡೂ ಬೇಕು: ಸ್ಥಾವರ ಮೆಗಾವ್ಯಾಟಿಗೆ, ಗಣಿ, ರೈಲು, ಹೊಗೆ ಯೂನಿಟ್‌ಗೆ. ಪೈಪ್ಸಾ ಕೊಡುವ ಹೊಗೆಯ ಅಂಕಿ ಮಾದರಿಯಲ್ಲಿ ಹೊಗೆಗೆ ಮಿತಿ ಹಾಕಲಿಕ್ಕೆ ಮಾತ್ರ, ಅದನ್ನು ಮತ್ತೆ ಕೂಡಿಸಬೇಡಿ.

ತಾಳೆ ನೋಡಲು ದಕ್ಷತೆಯನ್ನು 1ಕ್ಕೆ ಏರಿಸಿ, ಸೌರವೊಂದನ್ನೇ ಉಳಿಸಿ ಓಡಿಸಿ. ಸಂಗ್ರಹದ ಯೂನಿಟ್ ಸೌರ ಯೂನಿಟ್‌ಗಿಂತ ಕಾಮಗಾರಿಯ ಪಾಲಿನಷ್ಟೇ ಹೆಚ್ಚಿರಬೇಕು. ಕೆಲವೇ ವಾರಗಳ ಮಾದರಿಯಾದರೆ ಸ್ನ್ಯಾಪ್‌ಶಾಟ್ ತೂಕದಿಂದ (ಮಾದರಿಯ ಒಂದು ಗಂಟೆ ವರ್ಷದ ಎಷ್ಟು ಗಂಟೆಗೆ ಸಮ ಎಂಬ ಅಂಕಿ) ಗುಣಿಸದೆ ಮೊತ್ತ ಎತ್ತಬೇಡಿ.

ಇನ್ನು ದತ್ತಾಂಶ ಕೊಡುವವರ ಕೃಪೆ: ಗಂಟೆವಾರು ಲೋಡ್ ಸಿಗುವುದು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ. 3 ಮತ್ತು 8 ಬೇರೆ ಮಾಡಲು ಭೂತಗನ್ನಡಿ ಬೇಕು.

ಮುಂದಿನ ಸರದಿ ಬೆಳಗಾವಿ, ಮಂಡ್ಯದ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ಮಾಡುವ ಸಹವಿದ್ಯುತ್. ಕಬ್ಬಿನ ಗೊಬ್ಬರ, ನೀರು, ಟ್ರ್ಯಾಕ್ಟರ್ ಡೀಸೆಲ್‌ನಲ್ಲಿ ಸಕ್ಕರೆಗೆಷ್ಟು, ಸಿಪ್ಪೆಯ ವಿದ್ಯುತ್ತಿಗೆಷ್ಟು? ಬೆಲೆಯ ಮೇಲೆ ಹಂಚಿದರೆ ಒಂದು ಉತ್ತರ, ಶಕ್ತಿಯ ಮೇಲೆ ಹಂಚಿದರೆ ಇನ್ನೊಂದು. ಎರಡನ್ನೂ ಓಡಿಸುವುದೆಂದು ಸದ್ಯದ ಯೋಚನೆ. ಅರೆಯುವ ಹಂಗಾಮು ಮುಗಿದ ಮೇಲಿನ ತಿಂಗಳುಗಳಿಗೆ ಮಾದರಿಯಲ್ಲಿ ಉತ್ಪಾದನೆ ಸೊನ್ನೆ ಎಂದಿಟ್ಟುಕೊಳ್ಳುತ್ತೇವೆ.